ಹತ್ತು ಕೊಡಕ್ಕೆ ನಾಲ್ಕು

ದೇವನಹಳ್ಳಿ ಕಡೆಯ ತೋಟದಿಂದ ಬಂದ ಒಂದು ಗೊಂಚಲು ದ್ರಾಕ್ಷಿ,
ಅದರಲ್ಲಿ ಏಳು ಹಣ್ಣಿಗೆ ಬೂದುಬಣ್ಣದ ಮೀಸೆ.
ಆ ಮೀಸೆಯನ್ನೇ ಸೂಜಿಮೊನೆಯಲ್ಲಿ ಎತ್ತಿ ತಂದು
ಆಲೂಗಡ್ಡೆ ಗಂಜಿ ಕುಡಿಸಿ ಸಾಕಿದ್ದೇನೆ, ಹನ್ನೊಂದು ದಿನ.
ಹೆಬ್ಬಾಳದ ಈ ಕಟ್ಟಡದಲ್ಲಿ ಈ ಹೊತ್ತು ಎಚ್ಚರವಿರುವುದು
ನಾನು, ಅದು,
ಮತ್ತೆ ಸಿಂಕಿನ ಹತ್ತಿರ ಲೂರ್ದಮ್ಮ.
ಫ್ಲೈಓವರ್ ಕೆಳಗೆ ನೀರು ನಿಂತಿದೆಯಂತೆ, ಅವರ ಬಸ್ಸಿಲ್ಲ.

ಹೆಬ್ಬೆರಳಿನಷ್ಟು ಗಾಜಿನ ಗೂಡು.
ಒಳಗೆ ಅಕ್ಕಿಕಾಳಿನಂಥ ಅಯಸ್ಕಾಂತ ಗಿರಗಿರ ಸುತ್ತುತ್ತಿದೆ,
ಪರದೆಯ ಮೇಲೆ ಒಂದು ಗೆರೆ ಇಳಿಯುತ್ತಿದೆ.
"ಬೂಷ್ಟು ಉಸಿರಾಡುತ್ತಾ?"
"ಆಡುತ್ತೆ. ಆ ಗೆರೆ ಇಳಿದಷ್ಟೂ ಗಾಳಿ ಒಳಗೆ ಹೋಯ್ತು ಅಂತ."
"ಯಾಕೆ ಬೇಕು ಅದಕ್ಕೆ?"

ನಿಮ್ಮ ವಠಾರದ ಸಂಪು, ಮೇಲಿನ ಟ್ಯಾಂಕು ನೆನೆಸಿಕೊಳ್ಳಿ, ಅಂದೆ.
ಒಳಗೆ ಮೂರು ಮೋಟಾರು.
ಸಕ್ಕರೆಯಿಂದ ಕಿತ್ತ ಕಿಡಿ ಒಂದರಿಂದ ಒಂದಕ್ಕೆ ದಾಟುವಾಗ
ಮೂರೂ ತಿರುಗಿ ಗೋಡೆಯಾಚೆ ನೀರೆತ್ತುತ್ತವೆ.
ಆ ನೀರು ವಾಪಸು ಬೀಳುವಾಗ ಒಂದು ಚಕ್ರ,
ಚಕ್ರ ತಿರುಗಿದಷ್ಟೂ ಚಿಲ್ಲರೆ ಕಾಸು ಉದುರುತ್ತೆ.
ಆ ಕಾಸಲ್ಲೇ ಅದರ ಸಂಸಾರ.
ದಣಿದ ಕಿಡಿಗೆ ಕೊನೆಯಲ್ಲಿ ಕೈಯೊಡ್ಡುವವರು ಯಾರಾದರೂ ಬೇಕಲ್ಲ,
ಅದಕ್ಕೇ ಗಾಳಿ.

ಏಳು ಇಪ್ಪತ್ತಕ್ಕೆ ಒಂದು ಹನಿ ಬಿಟ್ಟೆ.

ಈ ವಿಷದ ಹುಟ್ಟೂರು ಕಾರ್ಖಾನೆಯಲ್ಲ.
ಎಲ್ಲೋ ಚಳಿಕಾಡಿನಲ್ಲಿ, ಉದುರಿದ ಪೈನ್ ಕಾಯಿಯ ಮೇಲೆ
ಉಗುರಗಲದ ಅಣಬೆಯೊಂದು
ತನ್ನ ತುತ್ತಿಗೆ ಬೇಲಿಯೆಂದು ಬಸಿದ ರಸವೇ ಇದರ ಮೂಲ.
ತನ್ನ ನಡುವಣ ಮೋಟಾರಿಗೆ ಮಾತ್ರ ಬೇರೆ ಬೀಗ ಮಾಡಿಸಿಕೊಂಡು
ನೆರೆಯವರ ಬೀಗದಲ್ಲೆಲ್ಲ ಕೀಲಿ ಮುರಿದಿಟ್ಟ ಅಣಬೆ.
ಬೂಷ್ಟಿಗೆ ಬೂಷ್ಟೇ ದಾಯಾದಿ.

ಗೆರೆ ಅಡ್ಡ ಮಲಗಿತು.
ನಾನು ಚಹಾ ಕುಡಿದೆ, ಹೊರಗೆ ಕಾರಿಡಾರಿನಲ್ಲಿ.
ಮರಳಿ ಬಂದಾಗ ಗೆರೆ ಮತ್ತೆ ಓರೆ,
ಮೊದಲಿನ ಕಡಿದಾದ ಇಳಿಜಾರಲ್ಲ,
ಮೊಣಕಾಲು ನೋವಿನವರು ಮೆಟ್ಟಿಲಿಳಿದ ಹಾಗೆ.
ನಡುವಿನದು ಕೆಟ್ಟಿದೆ, ಕೊನೆಯದಕ್ಕೆ ಏನೂ ತಲುಪುತ್ತಿಲ್ಲ,
ಆದರೂ ಗಾಳಿ ಖರ್ಚಾಗುತ್ತಿದೆ!
ಹಿತ್ತಿಲ ಬಾಗಿಲು ತೆರೆದಿತ್ತು ಅದು:
ಮೊದಲ ಮೋಟಾರು ದಾಟಿದ ಕಿಡಿ ನೇರ ಗಾಳಿಯ ಕೈಗೆ.
ಹತ್ತು ಕೊಡ ಏರುತ್ತಿದ್ದಲ್ಲಿ ನಾಲ್ಕು.
ಮಿಕ್ಕಿದ್ದು ಸುಮ್ಮನೆ ಬಿಸಿ.

"ಸಾಯ್ಲಿಲ್ವಾ?"
"ಇಲ್ಲ."
"ಬೆಳೀತಿದೆಯಾ?"
"ಎಳೆ ಚಾಚೋಕೆ ಕಾಸು ಸಾಲಲ್ಲ ಲೂರ್ದಮ್ಮ. ಇರೋದಕ್ಕೆ ಸಾಕು."
ಅವರು ಫ್ಲಾಸ್ಕಿನೊಳಗೆ ಬ್ರಷ್ ತಿರುವುತ್ತಾ, ಬೇರೆ ಯಾವುದೋ ಮಾತಿನಂತೆ,
ಏಜೆನ್ಸಿಯವರು ಮೂರು ತಿಂಗಳಿಂದ ಸಂಬಳ ಹಾಕಿಲ್ಲ ಅಂದರು,
ಮತ್ತಿಕೆರೆಯಲ್ಲಿ ಸಂಜೆ ಹೂ ಕಟ್ಟುತ್ತೇನೆ,
ಬಾಡಿಗೆಗೆ ಆಗುತ್ತೆ, ಚೀಟಿಗೆ ಆಗೊಲ್ಲ.
ಅವರು ಹೋಲಿಸಲಿಲ್ಲ.
ನಾನೂ ನೋಟ್‌ಬುಕ್ಕಿನಲ್ಲಿ ಸಮಯ ಬರೆದುಕೊಂಡೆ, ಎಂಟು ಮೂವತ್ತೈದು.

ಐಸಿನಲ್ಲಿ ಎರಡನೇ ಸೀಸೆ ಕಾಯುತ್ತಿತ್ತು,
ಹಿತ್ತಿಲ ಬಾಗಿಲಿಗೆ ಅಗುಳಿ ಹಾಕುವಂಥದು.
ಪಿಪೆಟ್ ಹಿಡಿದ ಕೈ ಯಾಕೋ ತಡೆಯಿತು.
ಲೂರ್ದಮ್ಮನೇ ಗದರಿದರು:
"ಹಾಕು ಕಣಮ್ಮಾ. ಗೊಂಚಲು ಕೊಳೆತರೆ ತೋಟದವನಿಗೆ ಇದು ಕೊಡುತ್ತಾ ದುಡ್ಡು?"

ಹಾಕಿದೆ.
ಈ ಸಲ ಗೆರೆ ಮಲಗಿದ್ದು ಏಳಲಿಲ್ಲ.
ಹತ್ತು ನಿಮಿಷ, ಇಪ್ಪತ್ತು.
ಅಯಸ್ಕಾಂತವೊಂದೇ ಸುತ್ತುತ್ತಿತ್ತು, ಯಾರಿಗೋ ಏನೋ.

ಮಳೆ ಬಿಟ್ಟಿತು.
ಈ ವಿಷ ಬರೀ ನೀರಿಗೆ ಬಿಡುವುದಿಲ್ಲ.
ಲೂರ್ದಮ್ಮ ಗೂಡನ್ನು ಸ್ಪಿರಿಟ್ಟಿನಲ್ಲಿ ತೊಳೆದರು, ಮೂರು ಸಲ,
ಟ್ಯೂಬ್‌ಲೈಟಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು.
"ಒಂದೆಳೆ ಅಂಟಿಕೊಂಡಿದೆ ನೋಡು,"
ಅಂದು, ನಾಲ್ಕನೇ ಸಲ ತೊಳೆದರು.