ಹಕ್ಕಿಗಳ ಪಗಾರ

ಮೂವತ್ತು ಅಧ್ಯಾಯ ಬರೆದೆ ಬೆಟಗೇರಿಯ ಈ ಮಾಳಿಗಿ ಖೋಲಿಯೊಳಗ,
ಕೆಳಗ ಮಗ್ಗದ ಸಪ್ಪಳ, ಮ್ಯಾಲೆ ತಗಡಿನ ಬಿಸಲು.
ಎಲ್ಲಿ ಕತಿ ಸಿಕ್ಕಿಕೊಂಡಿತೋ
ಅಲ್ಲಿ ಒಂದು ಹಕ್ಕಿ ಕರೆದೆ.

ರಾಜಕುಮಾರ ಬಂದೀಖಾನಿಗೆ ಬಿದ್ದನೆ? ಗಿಣಿ.
ಕೀಲಿಕೈ ಮಡುವಿನ ತಳಕ್ಕ ಹೋತೆ? ಮಿಂಚುಳ್ಳಿ.
ಏಳು ದಿನದ ದಾರಿ, ಒಂದ ರಾತ್ರಿ ಬಾಕಿ ಏನು?
ರೆಕ್ಕಿ ಮ್ಯಾಲೆ ಕುಂದರು, ಕಣ್ಣು ಮುಚ್ಚು, ಕೆಳಗ ನೋಡಬ್ಯಾಡ.

ಎಲ್ಲಾಕಿಂತ ಸೋವಿ ಉಪಾಯ ಅಂದ್ರ ಮರದ ಮ್ಯಾಲಿನ ಜೋಡಿ.
ನಡುರಾತ್ರಿ ಹೆಣ್ಣು ಕೇಳತದ, ಗಂಡು ಹೇಳತದ,
ರಕ್ಕಸನ ಜೀವ ಎಲ್ಲದ, ಕುರುಡಿಗೆ ಮದ್ದು ಯಾವುದು.
ಬುಡಕ್ಕ ಮಲಗಿದವ ಎಚ್ಚರ ಇದ್ದರ ಸಾಕು.
ಆ ಗಂಡ ಹೆಂಡತಿ ತಮ್ಮ ಮನಿ ಮಾತು
ಒಂದಿನಾನೂ ಆಡಲಿಲ್ಲ ನನ್ನ ಕತಿಯೊಳಗ.
ಮರಿ ಉಂಡಾವೇನು,
ಗಾಳಿ ಯಾಕ ತಿರುಗೇದ,
ನಿನ್ನ ಎಡ ರೆಕ್ಕಿ ನೋವು ಹೆಂಗದ.

ಮಾಗಡಿ ಊರಿಂದ ಒಂದು ಕಾರ್ಡು ಬಂತು,
ಸಾಲು ಮ್ಯಾಲೇರಿ ಅಂಚಿಗೆ ಬಂದು ಕೆಳಗಿಳಿದಿತ್ತು.
"ನಿಮ್ಮ ಕತಿ ಸಾಲ್ಯಾಗ ಓದತೀವಿ.
ಹಕ್ಕಿ ಅಷ್ಟು ದೂರ ಹೋಗಿ ಬಂತಲ್ಲ, ಅದಕ್ಕ ಏನ ಕೊಟ್ರಿ?
ಇಂತಿ ಫಕೀರವ್ವ, ಆರನೇ ಇಯತ್ತೆ."

ಉತ್ತರ ಬರೆದೆ: ಪ್ರೀತಿಗಾಗಿ.
ಹೊಡೆದು ಹಾಕಿದೆ.
ಸಣ್ಣಾಂವ ಇದ್ದಾಗ ರಾಜಕುಮಾರ ಅದರ ಕಾಲಿನ ಮುಳ್ಳು ತೆಗೆದಿದ್ದ.
ಒಂದು ಮುಳ್ಳಿಗೆ ಏಳು ಸಮುದ್ರ!
ಅದನ್ನೂ ಹರಿದೆ.

ಜನವರಿ, ನಸುಕಿನ ಬಸ್ಸು.
ಕೆರಿ ಏರಿ ಮ್ಯಾಲೆ ಆಕಿ ನಿಂತಿದ್ದಳು ಕಾಕಾನ ಕಂಬಳಿ ಹೊದ್ದು.
ಕಾಕಾ ಅಡಿವೆಪ್ಪನ ಕೈಯಾಗ ಡಬ್ಬಿ, ಕಣ್ಣಾಗ ನಿದ್ದಿ.
ಮೊದಲು ದನಿ ಬಂತು, ಆಮ್ಯಾಲೆ ಆಕಾಶ ಹೊಲಿಗಿ ಬಿಚ್ಚಿಧಂಗ ಬಾತುಗಳು,
ರಾತ್ರಿಯೆಲ್ಲಾ ಹೊಲದಾಗ ಮೇದು ಹೊಳ್ಳಿ ನೀರಿಗೆ.
ಬಿಳಿ ತಲಿಗೆ ಎರಡು ಕರಿ ಗೀಟು,
ಮಾಸ್ತರು ಪಟ್ಟಿ ಇಟ್ಟು ಎಳೆದಂಗ.
ಹಿಮದ ಗುಡ್ಡ ದಾಟಿ ಬಂದಾವಂತ, ಉಸಿರೂ ತೆಳ್ಳಗ ಆಗೂ ಎತ್ತರದಾಗ,
ಯಾರನ್ನೂ ಬೆನ್ನ ಮ್ಯಾಲೆ ಕೂರಿಸಿಕೊಳ್ಳದ.

ಒಂದರ ಕೊರಳಿಗೆ ಹಸರು ಪಟ್ಟಿ.
ನನ್ನ ಎದಿ ಡವ್ ಅಂತು. ಬಂತು ನೋಡು, ಖರೇನ ಪತ್ರ,
ಖರೇನ ಹಕ್ಕಿ!
ಗಾರ್ಡಿನ ಕಡೆಯಿಂದ ದುರ್ಬೀನು ಕಸಗೊಂಡೆ.
ಒಂದು ಅಕ್ಷರ, ಎರಡು ಅಂಕಿ.
ಯಾರಿಗೆ ಅಂತ ಇಲ್ಲ. ಸಹಿ ಇಲ್ಲ.
"ಅದಕ್ಕೂ ಓದಾಕ ಬರೂದಿಲ್ಲ," ಅಂದಳು ಫಕೀರವ್ವ,
"ನಿಮಗೂ ಬರೂದಿಲ್ಲ."

ಪಗಾರದ ಮಾತು ತೆಗೆದೆ. ಅಡಿವೆಪ್ಪ ನಕ್ಕ.
"ಅವು ಕೇಳೂದಿಲ್ರೀ, ತಾವ ತಗೋತಾವ.
ನಿನ್ನೆ ರಾತ್ರಿ ಎರಡು ಸಾಲು ಕಡ್ಲಿ.
ಹೊಲದಾಗ ಇದ್ದರ ಡಬ್ಬಿ ಬಾರಸ್ತೀನಿ,
ನೀರಿಗೆ ಇಳಿದ ಮ್ಯಾಲೆ ನಾ ಏನೂ ಅನ್ನೂದಿಲ್ಲ.
ಹೊಲ ನಂದು, ಕೆರಿ ಅವರದು."

ಮೂವತ್ತೊಂದನೇ ಅಧ್ಯಾಯ.
ರಾಜಕುಮಾರ ಮರದ ಬುಡಕ್ಕ ಮಲಗ್ಯಾನ, ಕಿವಿ ತೆರಕೊಂಡು.
ನಡುರಾತ್ರಿ ಹೆಣ್ಣು ಹಕ್ಕಿ ಕೇಳಿತು,
"ಇವತ್ತೆಲ್ಲಿ ಮೇದಿ?"
"ಕರಿ ಮಣ್ಣಿನ ಹೊಲ. ಕಡ್ಲಿ ಎಳೀದು, ತುದಿಗೆ ಹುಳಿ ಹುಳಿ.
ಒಬ್ಬಾಂವ ಡಬ್ಬಿ ಬಾರಸ್ತಾನ,
ಅವನಿಗೂ ನಿದ್ದಿ ಇಲ್ಲ ಪಾಪ."
"ರೆಕ್ಕಿ?"
"ಹಂಗ ಅದ."

ಅಷ್ಟ. ಆಮ್ಯಾಲೆ ಎರಡೂ ಕುತ್ತಿಗಿ ಹೊಳ್ಳಿಸಿ ಮಲಗಿದವು.
ಬೆಳಗಿನ ತನಕ ಕಾದ ರಾಜಕುಮಾರ
ಎದ್ದು, ಧೂಳು ಜಾಡಿಸಿ,
ನಡಕೋತ ಹೊಂಟ.
ರಕ್ಕಸನ ಜೀವ ಎಲ್ಲದ ಅಂತ ಈಗ ನನಗೂ ಗೊತ್ತಿಲ್ಲ,
ಕಂತು ಸೋಮವಾರ ಕೊಡಬೇಕು.

ಹಾಳಿಯ ಅಂಚಿಗೆ ಲೆಕ್ಕ ಬರೆದಿಟ್ಟೆ:
ಕಡ್ಲಿ, ಎರಡು ಸಾಲು.
ಹಿಂದಿನ ಮೂವತ್ತರ ಬಾಕಿ
ಇನ್ನೂ ಕೂಡಿಸಿಲ್ಲ.