ಹೆಸರಿನ ಖಾನೆ

ಉಪ್ಪಳದ ಝೆರಾಕ್ಸ್ ಅಂಗಡಿಯ ಶಟರು ಎಳೆದ ಮೇಲೆ
ಕಾಗದ ಕತ್ತರಿಸುವ ಮೇಜೇ ನಮ್ಮ ರಾಜ್ಯ.
ಹಾಳಾದ ಅರ್ಜಿ ನಮೂನೆಗಳ ಬೆನ್ನಿಗೆ ನಕಾಶೆ,
ಸೈನಿಕರಿಗೆ ಪುನರ್ಪುಳಿ ಬೀಜ, ಕೋಟೆಗೆ ಸ್ಟೇಪ್ಲರ್,
ಇಪ್ಪತ್ತು ಮುಖದ ಒಂದೇ ಒಂದು ದಾಳ.
ಅದರ ಹದಿನೇಳರಲ್ಲಿ ಏಳು ಸವೆದು ಬರೀ ಒಂದು ಉಳಿದಿದೆ,
ಹಾಗಾಗಿ ಪ್ರತಿ ಶನಿವಾರ ಒಂದು ಜಗಳ ಖಾತ್ರಿ.

ಆಟ ನಡೆಸುವವಳು ನಾನು. ರಾಕ್ಷಸರ ಉಸ್ತುವಾರಿ ನನ್ನದು.

ಮೊದಲು ಹಳಬಳನ್ನೇ ಕರೆತಂದೆ.
ಇರುಳು ಬಂದು, ಅಮ್ಮನ ದನಿಯಲ್ಲಿ ಹೆಸರು ಕೂಗಿ,
ಬಾಗಿಲ ಮೇಲೆ 'ನಾಳೆ ಬಾ' ಎಂದಿದ್ದರೆ
ಓದಿಕೊಂಡು ಹಿಂತಿರುಗುವವಳು.
ಹಳಬರಲ್ಲಿ ಒಂದು ಅನುಕೂಲ: ವಿವರಿಸಬೇಕಿಲ್ಲ.
ನಮ್ಮ ಪಾಲಿನ ಹೆದರಿಕೆಯನ್ನೂ ಅಜ್ಜಿಯಂದಿರೇ ಹೆದರಿ
ಗಂಟು ಕಟ್ಟಿಟ್ಟು ಹೋಗಿದ್ದಾರೆ,
ಬಡ್ಡಿ ಎಣಿಸಿಕೊಂಡರೆ ಸಾಕು.

ಆದರೂ ಏನಾದರೂ ಹೊಸದು ಬೇಕಲ್ಲ,
ಅವಳನ್ನು ಈ ಊರಿಗೆ, ಈ ವರ್ಷಕ್ಕೆ ತಂದೆ.
ಬಾಗಿಲ ಮೇಲೆ ಮಲಯಾಳದಲ್ಲಿ ಬರೆಸಿದೆ.
'ನಾಳೆ ವಾ.' ಬಾಯಲ್ಲಿ ಹೇಳಿದರೆ
ತುಟಿಗೆ ತುಟಿ ಸೇರುವ, ಸೇರದಿರುವ ಅಂತರ;
ಬರೆದರೆ ಬೇರೆಯೇ ಬಳ್ಳಿ.

"ಅವಳಿಗೆ ಓದಲು ಬರುತ್ತದಾ?" ಕೇಳಿದ ಬಿಜೇಶ್,
ಕಾಞಂಗಾಡಿನವನು, ನಮ್ಮ ಪಾಳಯದ ಬಿಲ್ಲುಗಾರ.
ದಾಳ ಹಾಕಿದೆ. ಮೂರು. ಬರುವುದಿಲ್ಲ.
ನಿಂತಳು ಪಾಪ, ಕೆದರಿದ ಕೂದಲು ಹಿಂದೆ ಸರಿಸಿ,
ಬೆರಳಿಟ್ಟು ಒಂದೊಂದೇ ಅಕ್ಷರ ತಡವುತ್ತ,
ನಡುವರ್ಷದಲ್ಲಿ ಶಾಲೆ ಬದಲಿಸಿದ ಹುಡುಗಿಯ ಹಾಗೆ.
ಐರಿನ್ ನಗುತ್ತ ನಗುತ್ತ ಸುಮ್ಮನಾದಳು.
"ಒಳಗೆ ಕರೆಯೋಣ," ಎಂದ ಲೈನ್‌ಮನ್ ಗುರುವಪ್ಪ,
"ಒಂದು ಲೋಟ ಗಂಜಿತಿಳಿ ಕೊಟ್ಟು ಕಳಿಸೋಣ."
ಕನಿಕರ ಹುಟ್ಟಿತು. ದೆವ್ವ ಸತ್ತಿತು.
ಕತ್ತಿ ಒರೆಯಿಂದ ಹೊರಗೇ ಬರಲಿಲ್ಲ.

ಬ್ರಹ್ಮರಾಕ್ಷಸನನ್ನು ಆಲದ ಮರದಿಂದ ಇಳಿಸಿ
ಮೊಬೈಲ್ ಟವರಿಗೆ ಹತ್ತಿಸಿದ್ದನ್ನು
ಇಲ್ಲಿ ಹೇಳುವುದಿಲ್ಲ.

ಮುಂದಿನ ವಾರ, ಹಟಕ್ಕೆ ಬಿದ್ದು, ಹೊಸತೇ ಮಾಡಿದೆ.
ಕೋರೆ ಇಲ್ಲ, ಕೊಂಬಿಲ್ಲ, ಹಿಂದುಮುಂದಾದ ಪಾದವಿಲ್ಲ.
ಗದ್ದೆಯ ಹುಣಿಯಲ್ಲಿ ಮೊಣಕಾಲೆತ್ತರದ ಒಂದು ಗಡಿಕಲ್ಲು.
ಹಗಲು ಅದರ ಮೇಲೆ ಕೊಕ್ಕರೆ ಕೂರುತ್ತದೆ.
ರಾತ್ರಿ ಒಂದು ಗೇಣು ಸರಿಯುತ್ತದೆ, ಅಷ್ಟೇ.
ಬೆಳದಿಂಗಳಲ್ಲಿ ಅದರ ನೆರಳು ಬಿದ್ದ ಮನೆಯೊಳಗೆ
ಬೆಳಗಾದರೆ ಒಂದು ಮಾತು ಕಡಿಮೆ.

"ಕಚ್ಚುತ್ತದಾ?" "ಇಲ್ಲ."
"ಅಟ್ಟಿಸಿಕೊಂಡು ಬರುತ್ತದಾ?" "ಇಲ್ಲ."
"ಮತ್ತೆ ಇದನ್ನು ಹೊಡೆಯುವುದು ಎಂತಕ್ಕೆ?"
ಆಕಳಿಸಿದ ಅಶ್ಫಾಕ್.
ವಿವರಿಸಿದಷ್ಟೂ ಕಲ್ಲು ಕಲ್ಲೇ ಆಗುತ್ತ ಹೋಯಿತು.
ಹೊಸದರ ಕಷ್ಟ ಇದು: ಅದಕ್ಕೆ ಅಜ್ಜಿಯಿಲ್ಲ.

ಆಗ ಐರಿನ್ ಸರದಿ. ಸತ್ರದ ಅಡುಗೆಮನೆಯಲ್ಲಿ
ಅವಳ ಮಾಟಗಾತಿ ದಾರಿಹೋಕರಿಗೆ ಬಡಿಸಬೇಕು.
"ನಾನು ಆ... ಅದು... ತೆಂಗಿನ ಚಿಪ್ಪಿಗೆ ಹಿಡಿ ಹಾಕಿದ್ದು,
ಗಂಜಿ ತೋಡುವುದು, ಎಂತ ಹೇಳುವುದದಕ್ಕೆ?"
ಆಡುತ್ತಿದ್ದಾಳೆಂದು ಬಿಜೇಶ್ ಮೆಚ್ಚಿ ಮೇಜು ತಟ್ಟಿದ.
ಆಡುತ್ತಿರಲಿಲ್ಲ.
ಗುರುವಪ್ಪ ಬಾಯಿ ತೆರೆದ, ಮುಚ್ಚಿದ.
ನನಗೂ ನಾಲಗೆಯ ತುದಿಯಲ್ಲೇ ಇತ್ತು.
ಫ್ಯಾನು ತಿರುಗುವುದು ಆಗ ಕೇಳಿಸಿತು.

"ಇದರ ದೌರ್ಬಲ್ಯ ಎಂತದ್ದು?" ಅಶ್ಫಾಕ್, ಈಗ ಮೆಲ್ಲಗೆ.
ಅದನ್ನು ನಾನು ಬರೆದಿರಲಿಲ್ಲ.
ಅವನು ದಾಳ ಉರುಳಿಸಿದ. ಒಂದು. ಅಥವಾ ಹದಿನೇಳು.
ಯಾರೂ ಜಗಳಾಡಲಿಲ್ಲ.

ಸೋಮವಾರ ಅಂಗಡಿಗೆ ಬಂದ,
ಐಸ್ ಪ್ಲಾಂಟಿನಿಂದ ನೇರ, ಕೈ ಇನ್ನೂ ತಣ್ಣಗೆ.
ಉಮ್ಮಾಮನಿಗೆ ಕಲ್ಲಿನ ಕತೆ ಹೇಳಿದನಂತೆ.
ವೀಳ್ಯದೆಲೆಯ ನಾರು ತೆಗೆಯುತ್ತ ನಕ್ಕರಂತೆ:
"ಇದೆಂತ ಹೊಸತು? ನಮ್ಮ ಕಾಲದಲ್ಲೂ ಇತ್ತು.
ಮಕ್ಕಳು ಉಣ್ಣದಿದ್ದರೆ ಅದರ ಹೆಸರು ಹೇಳಿದರೆ ಸಾಕು..."

"ಏನು ಹೆಸರು?" ಪೆನ್ನು ಹಿಡಿದೆ.

ಅದೇ, ಎಂದ ಅಶ್ಫಾಕ್.
ಎಲೆ ಕೈಯಲ್ಲೇ ಬಾಡುವವರೆಗೆ ಯೋಚಿಸಿದರಂತೆ.

ಹಾಳೆಯ ಹೆಸರಿನ ಖಾನೆ ಹಾಗೇ ಬಿಟ್ಟು
ನಾಲ್ವರಿಗೆ ನಾಲ್ಕು ಪ್ರತಿ ತೆಗೆದೆ.
ಕೆಳಗಿನ ಸಾಲುಗಳು ಮಸಿ ಮಸಿ.
ಖಾಲಿ ಜಾಗ ಮಾತ್ರ
ನಾಲ್ಕರಲ್ಲೂ ಸ್ವಚ್ಛ ಮೂಡಿದೆ.