ಸ್ಟೋರಿನ ಕೀಲಿ ಕೊಡುವಾಗ

ಬಾರವಾ ದಾಕ್ಷಾಯಣಿ, ಕುರ್ಚಿ ಎಳಕೊ.
ತಾರಿಹಾಳದ ಈ ಶೆಡ್ಡಿನ್ಯಾಗ
ಒಂಬತ್ತಕ್ಕ ಕಂಪ್ಯೂಟರ ಏಳತೈತಿ,
ಕರೆಂಟಿನವರು ಮನಸ್ಸು ಮಾಡಿದ್ರ.

ಮೊದಲ ಎಣಿಸು, ಆಮ್ಯಾಲೆ ಒತ್ತು.
ಬೆಳಗಾವಿ ಲಾರಿ ಬಂತಂದ್ರ
ಚಲನ್ ಮ್ಯಾಲೆ ಇನ್ನೂರು ಕಾಸ್ಟಿಂಗ್ ಅಂತಿರತೈತಿ.
ಡ್ರೈವರ ನಿಂತಲ್ಲೇ ಕುಣೀತಾನ,
ನೀಲವ್ವಕ್ಕಾ ಸಹಿ ಹೊಡೀರಿ ಲಗೂ, ಅಂತಾನ.
ಚಹಾ ಕುಡಿಸಿ ಕುಂಡರಿಸು.
ಎಣಿಸಿದ್ರ ನೂರಾ ತೊಂಬತ್ತೇಳು.
ಉಳಿದ ಮೂರು ಕಾಗದದಾಗ ಹುಟ್ಟಿ
ಕಾಗದದಾಗ ಬೆಳದಾವ.
ಅವನ್ನ ಒಳಗ ಬಿಟ್ಟಿ ಅಂದ್ರ
ತಿಂಗಳಾದ ಮ್ಯಾಲೆ ಅಸೆಂಬ್ಲಿಯವರು ಬಂದು
ನಿನ್ನ ಮೇಜು ಬಡೀತಾರ:
ಸ್ಕ್ರೀನ್ ಮ್ಯಾಲೆ ಅದಾವಲ್ಲ, ಕೊಡು!
ಸ್ಕ್ರೀನಿನ ಕಬ್ಬಿಣಕ್ಕ ತೂಕ ಇಲ್ಲವಾ.

ಒಂದು ಸಾಮಾನಿಗೆ ಒಂದ ಹೆಸರು.
ಅರ್ಧ ಇಂಚಿನ ಗ್ಲ್ಯಾಂಡ್ ನಟ್ಟು
ಬಾಶೆಟ್ಟೆಪ್ಪನ ಹಳೇ ವಹಿಯೊಳಗ 'ಸಣ್ಣ ಗಿಡ್ಡ',
ಪರ್ಚೇಸಿನ ಕಾಮತರಿಗೆ 'ಹೆಕ್ಸ್',
ಪುಣೆಯಿಂದ ಕಲಸಾಕ ಬಂದ ಹುಡುಗಗ
ಹದಿನಾಲ್ಕು ಅಂಕಿ.
ಮೂರೂ ಹೆಸರಿಲೆ ಆರ್ಡರ್ ಹೋಗಿ
ಮೂರು ಚೀಲ ಬಂದು ಬಿದ್ವು.
ಬಾಗಲಾ ಬಡೀಬಾರದಂತ ಅಡ್ಡ ಇಟ್ಟೇನಲ್ಲ,
ಅದು ಮೂರನೇ ಚೀಲ.

ಒಂದು ವಾಲ್ವಿಗೆ ಏನೇನು ಬೇಕು ಅನ್ನೂ ಪಟ್ಟಿ
ಸಾಹೇಬ್ರು ಎ.ಸಿ. ರೂಮಿನ್ಯಾಗ ಕುಂತು ಬರಸಿದ್ರು.
ಗ್ರೀಸ್ ಮರತ್ರು. ಪ್ಯಾಕಿಂಗ್ ದಾರ ಮರತ್ರು.
ಉಪ್ಪು ಬರೀದ ಸಾರು.
ಎರಡು ವರ್ಷ ಗ್ರೀಸಿನ ಲೆಕ್ಕದಾಗ
ನಾನ ಕಳ್ಳಿ.

ಲೇಥಿನ ಮ್ಯಾಲೆ ಕೆಟ್ಟದ್ದನ್ನ ಅವತ್ತ ಬರಿ,
ಶನಿವಾರ ಎಲ್ಲಾರಿಗೂ ಮರವು.
ಕೆಡಿಸಿದ ಹುಡುಗನ್ನ ಬೈಬ್ಯಾಡ.
ಬೈದ್ರ ಮುಂದಿನ ಸಲ ಹೇಳೂದಿಲ್ಲ,
ಹಿತ್ತಲ ನಾಲಾದಾಗ ಒಗೀತಾನ,
ನೀ ಇದ್ದದ್ದಂತ ತಿಳಕೊಂಡು ಕುಂತಿರ್ತಿ.
ಪಾಸ್‌ವರ್ಡ್ ಯಾರಿಗೂ ಕೊಡಬ್ಯಾಡ.
ಮಾಲಕರ ಅಳಿಯಾ ಕೇಳಿದ್ರೂ.
ಅಂವ ಒತ್ತಿದ್ದು ನಿನ್ನ ಹೆಸರಿನ್ಯಾಗ ಉಳೀತೈತಿ,
ಅಂವ ಉಳಿಯೂದಿಲ್ಲ.

ಈಗ ಏಳು. ಒಂದು ತೋರಸ್ತೇನಿ.
ದಾದಾಪೀರನ ಲೇಥಿನ ಹಿಂದ, ಆ ಬಿಸ್ಕೀಟಿನ ಡಬ್ಬಿ.
ಒಳಗ ಕಂಚಿನ ಬುಷ್,
ಹಳೇ ಲುಂಗಿ ಹರದು ಒಂದೊಂದ ಸುತ್ತಿದ್ದು.
ಮಾರ್ಚ್ ಮೂವತ್ತರ ರಾತ್ರಿ
ಸ್ಕ್ರೀನು ಸೊನ್ನಿ ಅಂದಿತ್ತು,
ಲಾರಿ ಗೇಟಿನ್ಯಾಗ ಗುರುಗುಡತಿತ್ತು,
ಇಂವ ಸುಮ್ಮನ ಬಂದು ಎಂಟು ಎಣಿಸಿ ಕೊಟ್ಟ.
ಸಾಹೇಬ್ರು ಬೆನ್ನು ಚಪ್ಪರಿಸಿದ್ರು.
ನನಗ ನಿದ್ದಿ ಬರಲಿಲ್ಲ:
ಇಂವ ಮುಚ್ಚಿಟ್ಟಷ್ಟು ಕಂಚು
ವರ್ಷಪೂರ್ತಿ ನಾ ಹೆಚ್ಚಿಗಿ ತರಿಸೀನಿ.

ಮರುದಿನ ಕೇಳಿದೆ, ಯಾಕ್ಪಾ?
ಚಿಮಣಿ ಒರಸಿದಂಗ ಚಷ್ಮಾ ಒರಸಿ ಅಂದ:
ಅಕ್ಕಾ, ಬುಷ್ ಇಲ್ಲದ ಮೂರು ಪಾಳಿ ಖಾಲಿ ನಿಂತೀನಿ,
ಪಗಾರದಾಗ ಕಡದಾರ.
ಅದಾವು ಅಂತ ಅಂದದ್ದು
ನಿಮ್ಮ ಡಬ್ಬೀನ.

ಏನಂತ ಉತ್ತರಾ ಕೊಡಲಿ?
ಸ್ಟೋರಿಗೆ ಬಂದು ಕುಂತು
ಒಂದು ಹೊಸಾ ಜಾಗಾ ತೆರದೆ.
ಸ್ಟೋರ್ ಒಂದು, ಸ್ಟೋರ್ ಎರಡು, ಅಂಗಳ,
ಕೆಳಗಿಳಸು, ಇನ್ನಷ್ಟು,
ಹಾಂ: 'ದಾದಾಪೀರ್ ಡಬ್ಬಿ'.
ಪುಣೆ ಹುಡುಗ ಫೋನಿನ್ಯಾಗ ನಕ್ಕ.
ಆಡಿಟಿನವರು ನಗಲಿಲ್ಲ, ಎಣಿಸಿದ್ರು.
ಇಡೀ ಕಾರಖಾನಿಯೊಳಗ
ಒಂದೂ ಹೆಚ್ಚುಕಡಿಮಿ ಆಗದ ಜಾಗಾ
ಅದೊಂದ.

ತಗೊ, ಕೀಲಿ ಗೊಂಚಲ.
ದೊಡ್ಡದು ಗೇಟಿಂದು, ತುಕ್ಕು ಹಿಡದದ್ದು ಪೇಂಟ್ ರೂಮಿಂದು.
ಡಬ್ಬೀದು ಇದರಾಗಿಲ್ಲ.
ಡಬ್ಬಿಗೆ ಕೀಲಿ ಇಲ್ಲ.
ಸೋಮವಾರಕ್ಕೊಮ್ಮೆ ಅವನ್ನ ಕೇಳಿ
ಅವನ ಮುಂದ ಎಣಿಸು.